ಆತ್ಮವಿಶ್ವಾಸ ಅರ್ಹತೆಯಲ್ಲ

ನೇಮಕಾತಿ ಮತ್ತು ತಂಡನಿರ್ವಹಣೆಯ ಬಗ್ಗೆ ಇಂದು ಚಲಾವಣೆಯಲ್ಲಿರುವ ಬುದ್ಧಿವಾದದ ಬಹುಪಾಲು ಮೂರು ನಂಬಿಕೆಗಳ ಮೇಲೆ ನಿಂತಿದೆ. ಆತ್ಮವಿಶ್ವಾಸದಿಂದ ಮಾತನಾಡುವವರು ಕೆಲಸವನ್ನೂ ಚೆನ್ನಾಗಿ ಬಲ್ಲರು ಎಂಬುದು ಮೊದಲನೆಯದು. ತಂಡ ನಡೆಸುವವರು ಅಳುಕನ್ನಾಗಲಿ ಅನುಮಾನವನ್ನಾಗಲಿ ತೋರಗೊಡಬಾರದು ಎಂಬುದು ಎರಡನೆಯದು. ಮೊದಲು ಆತ್ಮವಿಶ್ವಾಸ ಬೆಳೆಸಿಕೊಂಡರೆ ಸಾಮರ್ಥ್ಯ ತಾನಾಗಿ ಹಿಂದೆ ಬರುತ್ತದೆ ಎಂಬುದು ಮೂರನೆಯದು. ಮೊದಲ ನಂಬಿಕೆ ಸಂದರ್ಶನದ ಕೋಣೆಯನ್ನು ಆಳುತ್ತಿದೆ. ಎರಡನೆಯದು ಮ್ಯಾನೇಜರುಗಳ ನಡೆನುಡಿಯನ್ನು. ಮೂರನೆಯದು ವ್ಯಕ್ತಿತ್ವ ವಿಕಸನ ಶಿಬಿರಗಳ ವ್ಯಾಪಾರವನ್ನು. ಮೂರರ ಆಧಾರವೂ ತೆಳು. ಕಳೆದ ಏಳು ದಶಕಗಳಲ್ಲಿ ಇವುಗಳನ್ನು ಪರೀಕ್ಷೆಗೊಡ್ಡಿದ ಕಡೆಗಳಲ್ಲಿ ಸಿಕ್ಕ ಉತ್ತರ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತದೆ: ಆತ್ಮವಿಶ್ವಾಸವು ಒಳ್ಳೆಯ ಕೆಲಸಕ್ಕೆ ಕಾರಣವಾಗುವುದಕ್ಕಿಂತ ಹೆಚ್ಚಾಗಿ ಅದರ ಪರಿಣಾಮವಾಗಿ ಬರುತ್ತದೆ.

ಪೂರ್ವಪಕ್ಷ

ಖಂಡಿಸುವ ಮೊದಲು ಎದುರು ಪಕ್ಷದ ವಾದವನ್ನು ಅದರ ಪೂರ್ಣ ಬಲದಲ್ಲಿ ಇಡಬೇಕು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯೇ ಆ ವಾದದ ಜನಪದ ರೂಪ. ಯಾವ ಕೆಲಸದಲ್ಲೂ ಅನಿಶ್ಚಿತತೆ ಇದ್ದೇ ಇರುತ್ತದೆ. ಯಾರಾದರೊಬ್ಬರು ಮುಂದೆ ನಿಂತು ತೀರ್ಮಾನ ಹೇಳಬೇಕು. ಗ್ರಾಹಕರು ತಡವರಿಸುವವರ ಕೈಗೆ ದುಡ್ಡು ಕೊಡುವುದಿಲ್ಲ. ಎಷ್ಟೇ ತಿಳಿದಿದ್ದರೂ ಬಾಯಿ ಬಿಡದವರ ತಿಳಿವಳಿಕೆ ಸಂಸ್ಥೆಯ ಉಪಯೋಗಕ್ಕೆ ಬರುವುದಿಲ್ಲ. ಮೇಲಿರುವವರ ಹೆದರಿಕೆ ಕೆಳಗಿನವರಿಗೂ ಹರಡುತ್ತದೆ. ಮೇಲಾಗಿ, ತಮ್ಮ ಕ್ಷೇತ್ರದಲ್ಲಿ ಗೆದ್ದವರನ್ನು ನೋಡಿದರೆ ಅವರಲ್ಲಿ ಹೆಚ್ಚಿನವರು ತುಂಬು ವಿಶ್ವಾಸದಿಂದಲೇ ಮಾತನಾಡುತ್ತಾರೆ. ಹಾಗಿರುವಾಗ ನೇಮಕದ ವೇಳೆ ಆ ಗುಣವನ್ನೇ ಹುಡುಕುವುದರಲ್ಲಿ ತಪ್ಪೇನು?

ಈ ವಾದದ ಮೊದಲ ಮಾತುಗಳಲ್ಲಿ ಸತ್ಯಾಂಶವಿದೆ, ಅವುಗಳಿಗೆ ಉತ್ತರ ಮುಂದೆ ಬರುತ್ತದೆ. ಕೊನೆಯ ಮಾತು ಮಾತ್ರ ಬುಡದಲ್ಲೇ ದೋಷವುಳ್ಳದ್ದು. ಗೆದ್ದವರಲ್ಲಿ ಕಾಣುವ ವಿಶ್ವಾಸ ಗೆಲುವಿನ ಮೊದಲೇ ಇತ್ತೋ ಗೆದ್ದ ಮೇಲೆ ಬಂತೋ ಎಂಬುದನ್ನು ಅದು ವಿಚಾರಿಸುವುದೇ ಇಲ್ಲ. ಅಷ್ಟೇ ವಿಶ್ವಾಸವಿದ್ದೂ ಸೋತವರು ಎಷ್ಟು ಮಂದಿ ಎಂಬ ಲೆಕ್ಕವನ್ನೂ ಇಡುವುದಿಲ್ಲ. ಸೋತವರು ವೇದಿಕೆಯ ಮೇಲೆ ಭಾಷಣ ಮಾಡಲು ಬರುವುದಿಲ್ಲವಾದ್ದರಿಂದ ಅವರು ಲೆಕ್ಕಕ್ಕೆ ಸಿಗುವುದೂ ಇಲ್ಲ.

ಸಂದರ್ಶನ ಅಳೆಯುವುದೇನನ್ನು

ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ನಿತ್ಯ ನಡೆಯುವ ಸಂದರ್ಶನದ ಮಾದರಿ ಎಲ್ಲರಿಗೂ ಪರಿಚಿತ. ಅಭ್ಯರ್ಥಿ ಒಳಗೆ ಬರುತ್ತಾರೆ. ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆ ಇಂಗ್ಲಿಷಿನಲ್ಲಿ ಬರುತ್ತದೆ. ನಗರದ ಶಾಲೆಯಲ್ಲಿ ಓದಿ, ಅಣಕು ಸಂದರ್ಶನಗಳಲ್ಲಿ ಪಳಗಿದವರು ಆ ಉತ್ತರವನ್ನು ಒಂದೂವರೆ ನಿಮಿಷಕ್ಕೆ ಅಳೆದು ಸಿದ್ಧಮಾಡಿಕೊಂಡೇ ಬಂದಿರುತ್ತಾರೆ. ಸಿಂಧನೂರಿನಲ್ಲೋ ಇಂಡಿಯಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮೊದಲು ಉತ್ತರವನ್ನು ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿಗೆ ತಂದು, ವ್ಯಾಕರಣ ಸರಿಯಿದೆಯೇ ಎಂದು ಮನಸ್ಸಿನಲ್ಲೇ ತಿದ್ದಿ ನಂತರ ಬಾಯಿ ತೆರೆಯುತ್ತಾರೆ. ನಡುವಿನ ಆ ಮೂರು ಸೆಕೆಂಡಿನ ಮೌನ ಎದುರು ಕುಳಿತವರ ಹಾಳೆಯಲ್ಲಿ ‘ಕಾನ್ಫಿಡೆನ್ಸ್ ಕಡಿಮೆ’ ಎಂದು ದಾಖಲಾಗುತ್ತದೆ. ಅಲ್ಲಿ ಅಳೆದದ್ದು ಭಾಷೆಯ ಸಲೀಸು, ಮನೆತನದ ಅನುಕೂಲ ಮತ್ತು ಅಭ್ಯಾಸ. ಕೋಡ್ ಬರೆಯುವ, ಲೆಕ್ಕ ನೋಡುವ, ಜನರನ್ನು ನಡೆಸುವ ಶಕ್ತಿಯ ಬಗ್ಗೆ ಆ ಮೌನ ಏನನ್ನೂ ಹೇಳಿರುವುದಿಲ್ಲ.

ಮಾತುಕತೆಯ ಮೇಲೆ ಕಟ್ಟಿದ ಇಂಥ ಅಂದಾಜಿಗೆ ಎಷ್ಟು ಬೆಲೆ ಎಂಬುದಕ್ಕೆ ಅಮೆರಿಕದ ಟೆಕ್ಸಾಸ್‌ನಲ್ಲಿ ಆಕಸ್ಮಿಕವಾಗಿ ಒಂದು ಪ್ರಯೋಗ ನಡೆದುಹೋಯಿತು. 1979ರಲ್ಲಿ ಹೂಸ್ಟನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಸಂದರ್ಶನಗಳನ್ನು ಮುಗಿಸಿ 150 ವಿದ್ಯಾರ್ಥಿಗಳನ್ನು ಆರಿಸಿಕೊಂಡಿತ್ತು. ಆಮೇಲೆ ರಾಜ್ಯದ ಶಾಸನಸಭೆ ಇನ್ನೂ 50 ಮಂದಿಯನ್ನು ಸೇರಿಸಿಕೊಳ್ಳಬೇಕೆಂದಿತು. ಅಷ್ಟರಲ್ಲಿ ಮೇಲಿನ ಶ್ರೇಣಿಯವರೆಲ್ಲ ಬೇರೆ ಕಡೆ ಸೇರಿಯಾಗಿತ್ತು. ಉಳಿದವರು ಸಂದರ್ಶಕರು ಪಟ್ಟಿಯ ತಳಕ್ಕೆ ತಳ್ಳಿದ್ದವರು. ಅವರನ್ನೇ ಸೇರಿಸಿಕೊಳ್ಳಬೇಕಾಯಿತು. ವರ್ಷಗಳು ಕಳೆದ ಮೇಲೆ ಎರಡೂ ಗುಂಪುಗಳ ಓದು, ಆಸ್ಪತ್ರೆಯ ಕೆಲಸ, ಪದವಿ ಪಡೆದ ಪ್ರಮಾಣ ಎಲ್ಲವನ್ನೂ ಹೋಲಿಸಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಈ ಫಲಿತಾಂಶ 1987ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಂದರ್ಶಕರು ಶ್ರಮಪಟ್ಟು ಕಟ್ಟಿದ ಶ್ರೇಣಿ ವೈದ್ಯರಾಗುವವರ ಸಾಮರ್ಥ್ಯದ ಬಗ್ಗೆ ಏನನ್ನೂ ಮುಂದಾಗಿ ಹೇಳಿರಲಿಲ್ಲ.

ಇದು ಒಂದು ಊರಿನ ಕತೆ ಎಂದು ತಳ್ಳಿಹಾಕುವಂತೆಯೂ ಇಲ್ಲ. ಆಯ್ಕೆಯ ವಿಧಾನಗಳು ಮುಂದಿನ ಕೆಲಸವನ್ನು ಎಷ್ಟರಮಟ್ಟಿಗೆ ಮುಂಗಾಣುತ್ತವೆ ಎಂಬುದನ್ನು ಹತ್ತಾರು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಅಳೆಯಲಾಗಿದೆ. ಸೊನ್ನೆ ಎಂದರೆ ಯಾವ ಸಂಬಂಧವೂ ಇಲ್ಲ, ಒಂದು ಎಂದರೆ ಪೂರ್ಣ ಸಂಬಂಧ ಎಂಬ ಅಳತೆಗೋಲಿನಲ್ಲಿ, ಮನಸ್ಸಿಗೆ ಬಂದಂತೆ ನಡೆಸುವ ಸಂದರ್ಶನಕ್ಕೆ 1998ರಲ್ಲಿ ಸಂಶೋಧಕರಾದ ಶ್ಮಿಟ್ ಮತ್ತು ಹಂಟರ್ ಕೊಟ್ಟ ಅಂಕ 0.38, ಎಲ್ಲರಿಗೂ ಅದೇ ಪ್ರಶ್ನೆ, ಮೊದಲೇ ಗೊತ್ತುಮಾಡಿದ ಅಂಕಕ್ರಮ ಇರುವ ವ್ಯವಸ್ಥಿತ ಸಂದರ್ಶನಕ್ಕೆ 0.51. ಅವರ ಲೆಕ್ಕದ ತಿದ್ದುಪಡಿಗಳು ಅತಿಯಾಗಿವೆ ಎಂದು ವಾದಿಸಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಮರುಲೆಕ್ಕ ಹಾಕಿದರು. ಮನಬಂದಂತೆ ನಡೆಸುವ ಸಂದರ್ಶನ 0.19ಕ್ಕೆ ಇಳಿಯಿತು, ವ್ಯವಸ್ಥಿತ ಸಂದರ್ಶನ 0.42ರೊಂದಿಗೆ ಎಲ್ಲ ವಿಧಾನಗಳಿಗಿಂತ ಮೇಲೆ ನಿಂತಿತು. ಅಂಕಿಗಳ ಬಗ್ಗೆ ಜಗಳವಿದೆ. ಎರಡರಲ್ಲಿ ಯಾವುದು ಮೇಲು ಎಂಬ ಬಗ್ಗೆ ಜಗಳವಿಲ್ಲ.

ಹರಟೆಯ ಸಂದರ್ಶನ ಬರೀ ನಿರುಪಯುಕ್ತವಾಗಿದ್ದರೆ ಸಹಿಸಬಹುದಿತ್ತು. ಅದು ಕೈಯಲ್ಲಿರುವ ಒಳ್ಳೆಯ ಮಾಹಿತಿಯನ್ನೂ ಕೆಡಿಸುತ್ತದೆ. ಜೇಸನ್ ಡಾನಾ, ರಾಬಿನ್ ಡಾಸ್ ಮತ್ತು ನಥನೆಲ್ ಪೀಟರ್ಸನ್ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಇತರ ವಿದ್ಯಾರ್ಥಿಗಳ ಮುಂದಿನ ಅಂಕಗಳನ್ನು ಊಹಿಸಬೇಕಿತ್ತು. ಹಿಂದಿನ ಅಂಕಗಳನ್ನಷ್ಟೇ ನೋಡಿ ಊಹಿಸಿದ್ದು, ಅಂಕಗಳ ಜತೆಗೆ ಸಂದರ್ಶನವನ್ನೂ ನಡೆಸಿ ಊಹಿಸಿದ್ದಕ್ಕಿಂತ ಹೆಚ್ಚು ನಿಜವಾಯಿತು. ಇನ್ನೂ ವಿಚಿತ್ರವೆಂದರೆ, ಕೆಲವು ಸಂದರ್ಶನಗಳಲ್ಲಿ ಎದುರಿನವರು ಪ್ರಶ್ನೆಗೆ ಸಂಬಂಧವಿಲ್ಲದೆ ಮೊದಲೇ ಗೊತ್ತುಮಾಡಿದ ನಿಯಮದಂತೆ ಹೌದು, ಇಲ್ಲ ಎಂದು ಉತ್ತರಿಸುತ್ತಿದ್ದರು. ಸಂದರ್ಶಕರಿಗೆ ಅದು ಗೊತ್ತಾಗಲೇ ಇಲ್ಲ. ಎದುರಿನವರ ಸ್ವಭಾವ ತಮಗೆ ಅರ್ಥವಾಯಿತೆಂದೇ ಅವರು ಭಾವಿಸಿದರು. ‘ಮುಖ ನೋಡಿದರೆ ಮನುಷ್ಯ ಗೊತ್ತಾಗುತ್ತಾನೆ’ ಎಂದು ಹೇಳಿಕೊಳ್ಳುವ ಅನುಭವಿ ಮ್ಯಾನೇಜರುಗಳು ಈ ಫಲಿತಾಂಶವನ್ನು ಮೇಜಿನ ಮೇಲೆ ಅಂಟಿಸಿಕೊಳ್ಳುವುದು ಒಳ್ಳೆಯದು.

ಗಟ್ಟಿ ದನಿಯ ಪ್ರಭಾವ ಆಯ್ಕೆಯಾದ ನಂತರವೂ ತಂಡದೊಳಗೆ ಮುಂದುವರಿಯುತ್ತದೆ. ಕ್ಯಾಮೆರಾನ್ ಆಂಡರ್ಸನ್ ಮತ್ತು ಗ್ಯಾವಿನ್ ಕಿಲ್ಡಫ್ 2009ರಲ್ಲಿ ನಾಲ್ಕು ಜನರ ಗುಂಪುಗಳಿಗೆ ಗಣಿತದ ಸಮಸ್ಯೆಗಳನ್ನು ಕೊಟ್ಟು ನೋಡಿದರು. ಬಹುಪಾಲು ಸಮಸ್ಯೆಗಳಿಗೆ ಗುಂಪಿನ ಅಂತಿಮ ಉತ್ತರ ಯಾರೋ ಮೊದಲು ಬಾಯಿಬಿಟ್ಟು ಹೇಳಿದ ಉತ್ತರವೇ ಆಗಿತ್ತು. ಹಾಗೆ ಮೊದಲು ಬಾಯಿಬಿಟ್ಟವರು ಗಣಿತದಲ್ಲಿ ಇತರರಿಗಿಂತ ಮುಂದಿರಲಿಲ್ಲ. ಅವರನ್ನು ಗುಂಪು ಸಮರ್ಥರೆಂದು ಎಣಿಸಿತು, ಅಷ್ಟೆ.

ನ್ಯಾಯಾಲಯ ಕಂಡ ಎರಡು ನಿಮಿಷ

ಸಂದರ್ಶನದ ಈ ದೌರ್ಬಲ್ಯ ಭಾರತದಲ್ಲಿ ನ್ಯಾಯದ ಪ್ರಶ್ನೆಯಾಗಿಯೂ ಬಂದಿದೆ, ಅದರ ಒಂದು ಮುಖ್ಯ ಮೊಕದ್ದಮೆ ಕನ್ನಡ ನಾಡಿನದೇ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಅಂದಿನ ಮೈಸೂರು ಸರ್ಕಾರ ಸಂದರ್ಶನದ ಅಂಕಗಳನ್ನು ಸೇರಿಸಿದ್ದನ್ನು ಆರ್. ಚಿತ್ರಲೇಖಾ ಪ್ರಕರಣದಲ್ಲಿ ಪ್ರಶ್ನಿಸಲಾಯಿತು. 1964ರಲ್ಲಿ ಸುಪ್ರೀಂ ಕೋರ್ಟು ಸಂದರ್ಶನದ ಪದ್ಧತಿಯನ್ನು ಎತ್ತಿಹಿಡಿಯಿತು. ಸುಮಾರು ಹದಿನೇಳು ವರ್ಷಗಳ ನಂತರ, ಅಜಯ್ ಹಾಸಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯಕ್ಕೆ ಬೇರೆಯದೇ ಚಿತ್ರ ಕಂಡಿತು. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಒಟ್ಟು 150 ಅಂಕಗಳಲ್ಲಿ 50ನ್ನು ಮೌಖಿಕ ಸಂದರ್ಶನಕ್ಕೆ ಇಟ್ಟಿತ್ತು. ಒಬ್ಬೊಬ್ಬರ ಸಂದರ್ಶನ ಎರಡು ಮೂರು ನಿಮಿಷದಲ್ಲಿ ಮುಗಿದಿತ್ತು. ಕೇಳಿದ ಪ್ರಶ್ನೆಗಳು ಓದಿಗೆ ಸಂಬಂಧಪಟ್ಟವಾಗಿರಲಿಲ್ಲ ಎಂಬ ದೂರಿತ್ತು. ಲಿಖಿತ ಪರೀಕ್ಷೆಯೂ ಇರುವ ಪ್ರವೇಶದಲ್ಲಿ ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಕೊಡುವುದು ಮನಸೋಇಚ್ಛೆಯ ಕ್ರಮವಾಗುತ್ತದೆ ಎಂದು ನ್ಯಾಯಾಲಯ ಹೇಳಿತು. ಸಂದರ್ಶನವನ್ನು ಧ್ವನಿಮುದ್ರಿಸಿಕೊಳ್ಳುವುದು ಒಳ್ಳೆಯದೆಂದೂ ಸೂಚಿಸಿತು.

ಸರ್ಕಾರಿ ನೇಮಕಾತಿ ನಿಧಾನವಾಗಿಯಾದರೂ ಅದೇ ದಾರಿ ಹಿಡಿದಿದೆ. ಕೇಂದ್ರ ಸರ್ಕಾರ ಗ್ರೂಪ್ ಸಿ, ಗ್ರೂಪ್ ಡಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳ ಸಂದರ್ಶನವನ್ನು 2016ರ ಜನವರಿ 1ರಿಂದ ಕೈಬಿಟ್ಟಿತು. ದೇಶದ ಅತ್ಯಂತ ಪೈಪೋಟಿಯ ನಾಗರಿಕ ಸೇವಾ ಪರೀಕ್ಷೆಯಲ್ಲೂ ಒಟ್ಟು 2025 ಅಂಕಗಳಲ್ಲಿ ವ್ಯಕ್ತಿತ್ವ ಪರೀಕ್ಷೆಯ ಪಾಲು 275. ಸೇನಾಧಿಕಾರಿಗಳನ್ನು ಆರಿಸುವ ಸರ್ವಿಸಸ್ ಸೆಲೆಕ್ಷನ್ ಬೋರ್ಡಿನ ಕೇಂದ್ರವೊಂದು ಬೆಂಗಳೂರಿನಲ್ಲೇ ಇದೆ. ಎದೆಗಾರಿಕೆಯೇ ಬಂಡವಾಳವೆಂದು ಜನ ತಿಳಿದಿರುವ ಆ ವೃತ್ತಿಯಲ್ಲೂ ಆಯ್ಕೆ ಐದು ದಿನ ನಡೆಯುತ್ತದೆ. ಮನಶ್ಶಾಸ್ತ್ರಜ್ಞರು, ಗುಂಪು ಪರೀಕ್ಷೆಯ ಅಧಿಕಾರಿ ಮತ್ತು ಸಂದರ್ಶನಾಧಿಕಾರಿ ತಂತಮ್ಮ ಅಂದಾಜನ್ನು ಬೇರೆಬೇರೆಯಾಗಿ ಕಟ್ಟುತ್ತಾರೆ. ನೋಡುವ 15 ಗುಣಗಳಲ್ಲಿ ಆತ್ಮವಿಶ್ವಾಸ ಒಂದು ಮಾತ್ರ. ಖಾಸಗಿ ಕಂಪನಿಗಳು ಸರ್ಕಾರವನ್ನು ಹಳೆಯ ಕಾಲದ್ದೆಂದು ಹಂಗಿಸುತ್ತವೆ. ಆದರೆ ಅರ್ಧ ಗಂಟೆಯ ಮಾತಿನಲ್ಲಿ ಮನುಷ್ಯನನ್ನು ತೂಗಿಬಿಡುವ ಧೈರ್ಯ ಇಂದು ಉಳಿದಿರುವುದು ಹೆಚ್ಚಾಗಿ ಆ ಕಂಪನಿಗಳಲ್ಲೇ.

ಅವುಗಳಲ್ಲೂ ಲೆಕ್ಕ ಇಟ್ಟು ನೋಡಿದವರು ಅಭಿಪ್ರಾಯ ಬದಲಿಸಿಕೊಂಡಿದ್ದಾರೆ. ಒಗಟಿನಂಥ ಪ್ರಶ್ನೆಗಳಿಗೆ ಹೆಸರಾಗಿದ್ದ ಗೂಗಲ್, ತನ್ನದೇ ಸಂದರ್ಶನಗಳ ದಾಖಲೆಯನ್ನು ನಂತರದ ಕೆಲಸದೊಂದಿಗೆ ತಾಳೆ ನೋಡಿತು. ಆ ಒಗಟುಗಳಿಂದ ಏನೂ ತಿಳಿಯುವುದಿಲ್ಲ, ಅವು ಸಂದರ್ಶಕರಿಗೆ ತಾವು ಬುದ್ಧಿವಂತರೆನ್ನುವ ಹೆಮ್ಮೆ ಕೊಡುತ್ತವೆ ಅಷ್ಟೇ ಎಂದು ಅದರ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಲಾಸ್ಲೊ ಬಾಕ್ 2013ರಲ್ಲಿ ಬಹಿರಂಗವಾಗಿಯೇ ಒಪ್ಪಿಕೊಂಡರು.

ಅಳುಕದ ನಾಯಕ ಎಂಬ ಭ್ರಮೆ

ಎರಡನೆಯ ನಂಬಿಕೆಯ ಬೆಲೆ ಹಣದಲ್ಲಿ ಮುಗಿಯುವುದಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನ ಬಜ್ಪೆಯ ಟೇಬಲ್‌ಟಾಪ್ ರನ್‌ವೇ ದಾಟಿ ಕಮರಿಗೆ ಬಿತ್ತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಕ್ಯಾಪ್ಟನ್ನರಿಗೆ 10,000 ಗಂಟೆಗೂ ಹೆಚ್ಚಿನ ಹಾರಾಟದ ಅನುಭವವಿತ್ತು. ವಿಮಾನ ಇಳಿಯಬೇಕಾದ ಎತ್ತರಕ್ಕಿಂತ ಮೇಲಿತ್ತು. ಸಹ ಪೈಲಟ್ ಇಳಿಸುವುದನ್ನು ಬಿಟ್ಟು ಮತ್ತೆ ಮೇಲೇರುವಂತೆ ಮೂರು ಬಾರಿ ಹೇಳಿದರು, ಯಂತ್ರವೂ ಮತ್ತೆ ಮತ್ತೆ ಎಚ್ಚರಿಸಿತು. ಅವನ್ನು ಮೀರಿ ಇಳಿಸಲು ಹಟ ಹಿಡಿದದ್ದೇ ನೇರ ಕಾರಣವೆಂದು ತನಿಖಾ ನ್ಯಾಯಾಲಯ ಹೇಳಿತು. ಕ್ಯಾಪ್ಟನ್ ಹಾರಾಟದ ನಡುವೆ ಬಹಳ ಹೊತ್ತು ನಿದ್ದೆ ಮಾಡಿದ್ದರಿಂದ ಉಳಿದಿರಬಹುದಾದ ಮಂಪರನ್ನೂ ವರದಿ ಗಮನಿಸಿದೆ. ಅದರೊಂದಿಗೆ ಇನ್ನೊಂದು ಅಂಶವನ್ನೂ ಅದು ಎತ್ತಿತೋರಿಸಿದೆ: ಇಳಿಯುವುದನ್ನು ನಿಲ್ಲಿಸುವ ಅಧಿಕಾರ ಸಹ ಪೈಲಟ್‌ಗೆ ಇದೆಯೇ ಎಂಬ ಬಗ್ಗೆ ಸೂಚನೆಗಳಲ್ಲೇ ಗೊಂದಲವಿತ್ತು. ಆದ್ದರಿಂದ ಅವರು ಹೇಳಿದರೇ ಹೊರತು ನಿಯಂತ್ರಣವನ್ನು ಕೈಗೆ ತೆಗೆದುಕೊಳ್ಳಲಿಲ್ಲ.

1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಮಂದಿ ಸತ್ತಾಗಲೂ ಇದೇ ಆಗಿತ್ತು. ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಎಂದು, ಹಾರಲು ಹೊರಟಿದ್ದ ವಿಮಾನದ ಫ್ಲೈಟ್ ಎಂಜಿನಿಯರ್ ಶಂಕೆ ಎತ್ತಿದ್ದರು. ಕಂಪನಿಯ ಅತ್ಯಂತ ಹಿರಿಯ ಪೈಲಟ್‌ಗಳಲ್ಲಿ ಒಬ್ಬರಾಗಿದ್ದ ಕ್ಯಾಪ್ಟನ್ ಬಿಟ್ಟಿದೆ ಎಂದು ಖಚಿತವಾಗಿ ಹೇಳಿ ಮುಂದುವರಿದರು. ಇಂಥ ದುರಂತಗಳಿಂದ ವಿಮಾನಯಾನ ಕಲಿತ ಪಾಠ ಇಂದು ‘ಕ್ರ್ಯೂ ರಿಸೋರ್ಸ್ ಮ್ಯಾನೇಜ್‌ಮೆಂಟ್’ ಎಂಬ ಹೆಸರಿನ ತರಬೇತಿಯಾಗಿದೆ. ಕ್ಯಾಪ್ಟನ್ನರ ಆತ್ಮವಿಶ್ವಾಸವನ್ನು ಹೆಚ್ಚಿಸುವುದು ಅದರ ಉದ್ದೇಶವಲ್ಲ. ಕಿರಿಯರು ಆಕ್ಷೇಪಿಸಲು ಹಿಂಜರಿಯದಂತೆ, ಹಿರಿಯರು ಆಕ್ಷೇಪವನ್ನು ಕೇಳಿಸಿಕೊಳ್ಳುವಂತೆ ಅದು ಇಬ್ಬರನ್ನೂ ಪಳಗಿಸುತ್ತದೆ.

ಕಚೇರಿಯಲ್ಲಿ ವಿಮಾನ ಬೀಳುವುದಿಲ್ಲ. ಆದರೆ ಅಲ್ಲೂ ಮಾಹಿತಿ ಹರಿಯುವ ರೀತಿ ಅದೇ. ‘ಈ ತಿಂಗಳೊಳಗೆ ಮುಗಿಯುವುದಿಲ್ಲ’ ಎಂದು ಗೊತ್ತಿರುವ ಕಿರಿಯ ಎಂಜಿನಿಯರ್, ‘ಮುಗಿಸಿಯೇ ಮುಗಿಸುತ್ತೇವೆ’ ಎಂದು ಗ್ರಾಹಕರ ಮುಂದೆ ಘೋಷಿಸಿದ ಮ್ಯಾನೇಜರಿಗೆ ಆ ಮಾತನ್ನು ಹೇಳುವುದಿಲ್ಲ. ವಾರದ ವರದಿಯಲ್ಲಿ ಎಲ್ಲವೂ ಹಸಿರು ಬಣ್ಣದಲ್ಲೇ ಇರುತ್ತದೆ, ಕೊನೆಯ ವಾರದಲ್ಲಿ ಒಮ್ಮೆಗೇ ಕೆಂಪಾಗುತ್ತದೆ. ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ಶುಶ್ರೂಷಾ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಎಣಿಸಿದಾಗ, ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆಂದು ನಿರೀಕ್ಷಿಸಿದ್ದರು. ದಾಖಲೆಯಲ್ಲಿ ಕಂಡದ್ದು ಅದಕ್ಕೆ ತದ್ವಿರುದ್ಧ. ಹುಡುಕುತ್ತ ಹೋದಾಗ ಕಾರಣ ತಿಳಿಯಿತು: ಒಳ್ಳೆಯ ತಂಡಗಳು ತಮ್ಮ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದವು, ಉಳಿದವು ಮುಚ್ಚಿಡುತ್ತಿದ್ದವು. ಮುಂದೆ 1999ರ ಪ್ರಬಂಧದಲ್ಲಿ ಅವರು ತಂಡದ ಕಲಿಕೆಗೆ ಈ ನಿರ್ಭಯವೇ ಅಡಿಪಾಯ ಎಂದು ತೋರಿಸಿದರು. ‘ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ’ ಎನ್ನುವ ಮ್ಯಾನೇಜರ್ ತಂಡದ ಧೈರ್ಯ ಕುಂದಿಸುತ್ತಾರೆ ಎಂಬುದು ತಪ್ಪು ತಿಳಿವಳಿಕೆ. ಆ ಮಾತು ತಂಡದವರಿಗೂ ‘ನಮಗೆ ಗೊತ್ತಿಲ್ಲ’ ಎನ್ನುವ ಅನುಮತಿ ಕೊಡುತ್ತದೆ.

ಶಿಬಿರದಲ್ಲಿ ಸಿಗುವ ವಿಶ್ವಾಸ

ಮೂರನೆಯ ನಂಬಿಕೆಗೆ ಒಂದು ಸರ್ಕಾರವೇ ಹಣ ಸುರಿದು ನೋಡಿತ್ತು. ಜನರ ಸ್ವಾಭಿಮಾನವನ್ನು ಹೆಚ್ಚಿಸಿದರೆ ಅಪರಾಧ, ವ್ಯಸನ, ಓದಿನಲ್ಲಿ ಹಿಂದುಳಿಯುವಿಕೆ ಇವೆಲ್ಲ ತಗ್ಗುತ್ತವೆ ಎಂಬ ವಿಶ್ವಾಸದಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ 1986ರಲ್ಲಿ, ಶಾಸಕ ಜಾನ್ ವಾಸ್ಕೊನ್ಸೆಲೊಸ್ ಒತ್ತಾಸೆಯಿಂದ, ವಿಶೇಷ ಕಾರ್ಯಪಡೆ ರಚಿಸಿತು. ಅದಕ್ಕಾಗಿ ವಿದ್ವಾಂಸರು ಸಂಗ್ರಹಿಸಿ 1989ರಲ್ಲಿ ಪ್ರಕಟಿಸಿದ ಸಾಕ್ಷ್ಯದಲ್ಲಿ ನಿರೀಕ್ಷಿಸಿದ ಸಂಬಂಧಗಳು ದುರ್ಬಲವಾಗಿದ್ದವು. ಕಾರ್ಯಪಡೆ ಮಾತ್ರ 1990ರಲ್ಲಿ ಉತ್ಸಾಹದ ವರದಿಯನ್ನೇ ಕೊಟ್ಟಿತು. 2003ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಲಭ್ಯವಿದ್ದ ಸಂಶೋಧನೆಯನ್ನೆಲ್ಲ ಜಾಲಾಡಿದರು. ಹೆಚ್ಚಿನ ಸ್ವಾಭಿಮಾನದಿಂದ ಸಂತೋಷ ಹೆಚ್ಚುತ್ತದೆ, ಸೋತಾಗ ಪಟ್ಟು ಬಿಡದಿರುವುದಕ್ಕೂ ಅದು ಕೆಲವೊಮ್ಮೆ ನೆರವಾಗುತ್ತದೆ. ಆದರೆ ಅದನ್ನು ಉಬ್ಬಿಸುವುದರಿಂದ ಓದಾಗಲಿ ಕೆಲಸವಾಗಲಿ ಸುಧಾರಿಸುವುದಿಲ್ಲ ಎಂಬ ತೀರ್ಮಾನಕ್ಕೆ ಬಂದರು.

ಇಷ್ಟಾದರೂ ಅಡ್ಡದಾರಿಯ ಆಕರ್ಷಣೆ ಹೋಗಲಿಲ್ಲ. ಮೈಚಾಚಿದ ಗತ್ತಿನ ಭಂಗಿಯಲ್ಲಿ ಎರಡು ನಿಮಿಷ ಇದ್ದರೆ ದೇಹದ ಹಾರ್ಮೋನುಗಳೇ ಬದಲಾಗುತ್ತವೆ ಎಂದು 2010ರಲ್ಲಿ ಡಾನಾ ಕಾರ್ನಿ, ಏಮಿ ಕಡಿ ಮತ್ತು ಆಂಡಿ ಯಾಪ್ ಪ್ರಕಟಿಸಿದರು. 2012ರ ಟೆಡ್ ಭಾಷಣದ ಮೂಲಕ ಅದು ಜಗತ್ತಿನ ಸಂದರ್ಶನ ಕೋಣೆಗಳ ಹೊರಗಿನ ಶೌಚಾಲಯಗಳಿಗೆಲ್ಲ ತಲುಪಿತು. 2015ರಲ್ಲಿ ಹೆಚ್ಚು ಜನರನ್ನಿಟ್ಟುಕೊಂಡು ಮಾಡಿದ ಮರುಪ್ರಯೋಗದಲ್ಲಿ ಹಾರ್ಮೋನಿನ ಬದಲಾವಣೆ ಕಾಣಲಿಲ್ಲ. ಮೂಲ ಪ್ರಬಂಧದ ಮೊದಲ ಲೇಖಕಿ ಕಾರ್ನಿಯವರೇ 2016ರಲ್ಲಿ, ಆ ಪರಿಣಾಮ ನಿಜವೆಂಬ ನಂಬಿಕೆ ತಮಗೆ ಉಳಿದಿಲ್ಲ ಎಂದು ಪ್ರಕಟಣೆ ಕೊಟ್ಟರು. ಕಾರ್ಪೊರೇಟ್ ತರಬೇತುದಾರರ ಸ್ಲೈಡುಗಳಲ್ಲಿ ಆ ಭಂಗಿ ಇನ್ನೂ ನಿಂತೇ ಇದೆ.

ಆತ್ಮವಿಶ್ವಾಸ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿಲ್ಲದ ವಿಷಯವೇನಲ್ಲ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಅದರ ನಾಲ್ಕು ಮೂಲಗಳನ್ನು ವಿಂಗಡಿಸಿದ್ದರು: ಕೆಲಸವನ್ನು ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ಕಂಡ ಅನುಭವ, ಇತರರ ಪ್ರೋತ್ಸಾಹದ ಮಾತು, ಮೈಮನಸ್ಸಿನ ಆ ಹೊತ್ತಿನ ಸ್ಥಿತಿ. ಇವುಗಳಲ್ಲಿ ಅತ್ಯಂತ ಬಲವಾದದ್ದು ಮೊದಲನೆಯದು. ಮಾತಿನ ಪ್ರೋತ್ಸಾಹ ಅದರ ಮುಂದೆ ದುರ್ಬಲ. ಎದುರಿಗೆ ಬಂದ ಮೊದಲ ಸೋಲಿಗೇ ಕರಗಿಬಿಡುತ್ತದೆ. ಬಂಡೂರ ಹೇಳಿದ್ದು ಸಾಮಾನ್ಯ ಗುಂಡಿಗೆಯ ಬಗ್ಗೆಯಲ್ಲ, ನಿರ್ದಿಷ್ಟ ಕೆಲಸವೊಂದನ್ನು ಮಾಡಬಲ್ಲೆನೆಂಬ ನಂಬಿಕೆಯ ಬಗ್ಗೆ. ಶಿಬಿರಗಳು ಮಾರುವುದು ಮೂರನೆಯ ಮತ್ತು ನಾಲ್ಕನೆಯ ಮೂಲಗಳನ್ನು. ಮೊದಲನೆಯದನ್ನು ಒದಗಿಸಬಲ್ಲವರು ಕೆಲಸ ಕೊಟ್ಟವರು ಮಾತ್ರ.

ಬದಲಿಗೆ ಮಾಡಬೇಕಾದದ್ದು

ಒಳ್ಳೆಯ ನೇಮಕದ ವಿಧಾನ ಹೊಸದೂ ಅಲ್ಲ, ದುಬಾರಿಯೂ ಅಲ್ಲ. 1950ರ ದಶಕದ ಮಧ್ಯದಲ್ಲಿ ಇಸ್ರೇಲ್ ಸೇನೆಯಲ್ಲಿ ಡೇನಿಯಲ್ ಕಾನೆಮನ್ ಎಂಬ ಇಪ್ಪತ್ತೊಂದರ ತರುಣನಿಗೆ ಸೈನಿಕರ ಸಂದರ್ಶನವನ್ನು ಸುಧಾರಿಸುವ ಕೆಲಸ ಬಂತು. ಹಳೆಯ ಸಂದರ್ಶಕರು ಹದಿನೈದಿಪ್ಪತ್ತು ನಿಮಿಷ ಮಾತನಾಡಿ ಒಟ್ಟಾರೆ ಅಭಿಪ್ರಾಯ ಬರೆಯುತ್ತಿದ್ದರು. ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಕಾನೆಮನ್ ಆರು ಗುಣಗಳನ್ನು ಗೊತ್ತುಮಾಡಿ, ಹಿಂದೆ ನಿಜವಾಗಿ ಏನು ಮಾಡಿದ್ದರೆಂಬ ಪ್ರಶ್ನೆಗಳನ್ನಷ್ಟೇ ಇಟ್ಟು, ಒಂದು ಗುಣಕ್ಕೆ ಅಂಕ ಬರೆದ ಮೇಲೇ ಮುಂದಿನದಕ್ಕೆ ಹೋಗಬೇಕೆಂದರು. ತಮ್ಮನ್ನು ಯಂತ್ರ ಮಾಡುತ್ತಿದ್ದೀರೆಂದು ಸಂದರ್ಶಕರು ಸಿಟ್ಟಾದರು. ಕೊನೆಯಲ್ಲಿ ಕಣ್ಣು ಮುಚ್ಚಿ, ಆ ಯುವಕನನ್ನು ಸೈನಿಕನಾಗಿ ಕಲ್ಪಿಸಿಕೊಂಡು, ಇನ್ನೊಂದು ಅಂಕ ಕೊಡಿ ಎಂದು ಕಾನೆಮನ್ ಸಮಾಧಾನ ಮಾಡಿದರು. ಆರು ಅಂಕಗಳ ಮೊತ್ತ ಹಳೆಯ ಪದ್ಧತಿಗಿಂತ ಬಹಳ ಚೆನ್ನಾಗಿ ಮುಂದಿನ ಸೇವೆಯನ್ನು ಮುಂಗಂಡಿತು, ಕಣ್ಣು ಮುಚ್ಚಿ ಕೊಟ್ಟ ಅಂಕವೂ ಅಷ್ಟೇ ಚೆನ್ನಾಗಿ ಕೆಲಸ ಮಾಡಿತು. ಅಂತಃಪ್ರಜ್ಞೆಗೂ ಸ್ಥಾನವಿದೆ, ಆದರೆ ಅದು ಶಿಸ್ತಿನ ಅಳತೆ ಮುಗಿದ ಮೇಲೆ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕಾನೆಮನ್ ಈ ಪಾಠವನ್ನು ಕೊನೆಯವರೆಗೂ ಹೇಳುತ್ತಿದ್ದರು.

ಎರಡನೆಯ ಹೆಜ್ಜೆ ಕೆಲಸವನ್ನೇ ಮಾಡಿಸಿ ನೋಡುವುದು. ಪೀಣ್ಯದ ಯಂತ್ರಾಗಾರಗಳಲ್ಲಿ ಸಿಎನ್‌ಸಿ ಆಪರೇಟರ್ ಕೆಲಸಕ್ಕೆ ಬಂದವರ ಕೈಗೆ ಡ್ರಾಯಿಂಗು, ಒಂದು ಬಿಡಿಭಾಗ, ವರ್ನಿಯರ್ ಕ್ಯಾಲಿಪರ್ ಕೊಟ್ಟು ಅಳತೆ ಬರೆಯಲು ಹೇಳಿದರೆ ಹತ್ತು ನಿಮಿಷದಲ್ಲಿ ಕೈ ಗೊತ್ತಾಗುತ್ತದೆ. ಅದೇ ಕಾರ್ಖಾನೆಯ ಲೆಕ್ಕಪತ್ರದ ಹುದ್ದೆಗೆ ಬಂದವರ ಮುಂದೆ ಒಂದು ತಿಂಗಳ ಖರೀದಿ ಬಿಲ್ಲುಗಳನ್ನೂ ಜಿಎಸ್‌ಟಿಆರ್-2ಬಿ ಹೇಳಿಕೆಯನ್ನೂ ಇಟ್ಟು ತಾಳೆ ಹಾಕಲು ಹೇಳಬಹುದು. ಎರಡು ಬಿಲ್ಲು ಸರಬರಾಜುದಾರರ ಕಡೆಯಿಂದ ದಾಖಲಾಗಿಲ್ಲ, ಒಂದರಲ್ಲಿ ಜಿಎಸ್‌ಟಿ ಸಂಖ್ಯೆ ತಪ್ಪಿದೆ, ಇನ್ನೊಂದು ಎರಡು ಬಾರಿ ಬಂದಿದೆ ಎಂದಿಟ್ಟುಕೊಳ್ಳೋಣ. ನಾಲ್ಕನ್ನೂ ಹಿಡಿದು, ಯಾವುದಕ್ಕೆ ಯಾರಿಗೆ ಫೋನ್ ಮಾಡಬೇಕೆಂದು ತಗ್ಗಿದ ದನಿಯಲ್ಲಿ ಹೇಳಿದವರು, ಒಂದನ್ನೂ ಹಿಡಿಯದೆ ತೆರಿಗೆ ಪದ್ಧತಿಯ ಮೇಲೆ ನಿರರ್ಗಳವಾಗಿ ಮಾತನಾಡಿದವರಿಗಿಂತ ಆ ಕುರ್ಚಿಗೆ ತಕ್ಕವರು. ಬಸ್ ಚಾಲಕರನ್ನು ಆರಿಸುವಾಗ ಯಾರೂ ಬಸ್ಸಿನ ಬಗ್ಗೆ ಭಾಷಣ ಮಾಡಿಸುವುದಿಲ್ಲ, ಓಡಿಸಿ ನೋಡುತ್ತಾರೆ. ಹತ್ತು ಜನರನ್ನು ನಡೆಸುವವರನ್ನು ಆರಿಸುವಾಗ ಮಾತ್ರ ಮಾತನಾಡಿಸಿ ನೋಡುವುದು ರೂಢಿ. ಅವರ ಮುಂದೆಯೂ ನಿಜವಾದ ಸಂದರ್ಭವನ್ನಿಡಬಹುದು: ಇಬ್ಬರು ಹಿರಿಯರ ನಡುವೆ ಮನಸ್ತಾಪ, ಗಡುವಿಗೆ ಎರಡು ವಾರ ಬಾಕಿ, ಒಬ್ಬರು ರಜೆ ಕೇಳಿದ್ದಾರೆ, ಮೊದಲು ಯಾರೊಂದಿಗೆ ಮಾತನಾಡುತ್ತೀರಿ, ಏನು ಕೇಳುತ್ತೀರಿ?

ಮೂರನೆಯದು ನೇಮಕವಾದ ಮೇಲಿನ ಹೊಣೆ. ಹೊಸಬರಿಗೆ ಮೊದಲ ತಿಂಗಳಲ್ಲೇ ಪೂರ್ತಿಯಾಗಿ ಮುಗಿಸಬಹುದಾದ, ಸಣ್ಣದಾದರೂ ನಿಜವಾದ ಕೆಲಸ ಕೊಡಬೇಕು. ಮುಗಿದಾಗ ‘ಶಹಬ್ಬಾಸ್’ ಎನ್ನುವುದರೊಂದಿಗೆ ಯಾವುದು ಸರಿಯಾಯಿತು, ಯಾವುದು ಆಗಲಿಲ್ಲ ಎಂದು ಬಿಡಿಸಿ ಹೇಳಬೇಕು. ಮುಂದಿನ ಕೆಲಸ ಇನ್ನೊಂದು ಮೆಟ್ಟಿಲು ಮೇಲಿರಬೇಕು. ಬಂಡೂರ ಹೇಳಿದ ಮೊದಲ ಮೂಲವನ್ನು ಕಚೇರಿಯೊಳಗೆ ಕಟ್ಟುವ ದಾರಿ ಇದೇ. ಗೂಗಲ್ 2008ರ ಸುಮಾರಿಗೆ ತನ್ನ ಒಳ್ಳೆಯ ಮ್ಯಾನೇಜರುಗಳಲ್ಲಿ ಏನಿದೆ ಎಂದು ಹುಡುಕಿದ ‘ಪ್ರಾಜೆಕ್ಟ್ ಆಕ್ಸಿಜನ್’ ಅಧ್ಯಯನದಲ್ಲಿ ಪಟ್ಟಿಯ ಮೊದಲಿಗೆ ಬಂದದ್ದು ಜನರನ್ನು ಪಳಗಿಸುವ ಗುಣ.

ಮ್ಯಾನೇಜರುಗಳ ಸ್ವಂತ ವಿಶ್ವಾಸ ಹುಟ್ಟುವುದೂ ಇಲ್ಲಿಂದಲೇ. ಕಾರಣ ಬರೆದಿಟ್ಟು ಆರಿಸಿದವರು, ಆರು ತಿಂಗಳ ನಂತರ ಆ ಕಾರಣವನ್ನು ಫಲಿತಾಂಶದೊಂದಿಗೆ ತಾಳೆ ನೋಡಿದವರು, ತಮ್ಮ ನಿರ್ಣಯ ಎಲ್ಲಿ ನಂಬಲರ್ಹ, ಎಲ್ಲಿ ಅಲ್ಲ ಎಂಬುದನ್ನು ಕಲಿಯುತ್ತಾರೆ. ತಮ್ಮ ತಿಳಿವಳಿಕೆಯ ಗಡಿ ಗೊತ್ತಿರುವವರಿಗೆ ತಮಗಿಂತ ಜಾಣರನ್ನು ತಂಡಕ್ಕೆ ತೆಗೆದುಕೊಳ್ಳುವುದೂ ಹೆದರಿಕೆಯ ವಿಷಯವಾಗುವುದಿಲ್ಲ.

ಆಕ್ಷೇಪಗಳಿಗೆ ಉತ್ತರ

ಮಾರಾಟ, ಬೋಧನೆ, ಸ್ವಾಗತದಂಥ ಕೆಲಸಗಳಿಗೆ ಧೈರ್ಯದ ಮಾತು ಬೇಕೇ ಬೇಕಲ್ಲ ಎಂಬುದು ಮೊದಲ ಆಕ್ಷೇಪ. ಬೇಕು. ಅಲ್ಲಿ ಮಾತೇ ಕೆಲಸ, ಆದ್ದರಿಂದ ಅದನ್ನು ಕೆಲಸದಂತೆಯೇ ಪರೀಕ್ಷಿಸಬೇಕು. ಶಿಕ್ಷಕರಿಗೆ ಒಂದು ತರಗತಿ ಕೊಟ್ಟು, ಪಾಠ ಮುಗಿದ ಮೇಲೆ ಮಕ್ಕಳಿಗೆ ಏನು ಅರ್ಥವಾಯಿತೆಂದು ಕೇಳಬೇಕು. ಪ್ರಾಂಶುಪಾಲರ ಕೋಣೆಯಲ್ಲಿ ತೋರಿದ ಧೈರ್ಯ ನಲವತ್ತು ಮಕ್ಕಳ ಮುಂದೆ ನಿಲ್ಲುತ್ತದೆಂಬ ಭರವಸೆಯಿಲ್ಲ.

ಸಣ್ಣ ಉದ್ದಿಮೆಗಳಿಗೆ ಇಷ್ಟೆಲ್ಲ ಪುರುಸೊತ್ತಿಲ್ಲ ಎಂಬುದು ಎರಡನೆಯದು. ಐದು ಪ್ರಶ್ನೆ ಬರೆದಿಟ್ಟುಕೊಳ್ಳಲು, ಅರ್ಧ ಗಂಟೆಯ ಕೆಲಸ ಮಾಡಿಸಿ ನೋಡಲು ದೊಡ್ಡ ಸಿಬ್ಬಂದಿ ವಿಭಾಗ ಬೇಕಿಲ್ಲ. ತಪ್ಪು ವ್ಯಕ್ತಿಯನ್ನು ತೆಗೆದುಕೊಂಡು ಮೂರು ತಿಂಗಳ ಸಂಬಳ ಕೊಟ್ಟು ಮತ್ತೆ ಹುಡುಕಾಟ ಶುರು ಮಾಡುವಷ್ಟು ಪುರುಸೊತ್ತು ಇಲ್ಲದಿರುವುದು ಸಣ್ಣ ಉದ್ದಿಮೆಗೇ.

ಹಾಗಾದರೆ ಸಂಕೋಚದವರನ್ನೇ ಆರಿಸಬೇಕೇ ಎಂಬುದು ಮೂರನೆಯದು. ಇಲ್ಲ. ಸಂಕೋಚವೂ ಅರ್ಹತೆಯಲ್ಲ, ತಗ್ಗಿದ ದನಿಯ ಹಿಂದೆ ಆಳವಾದ ತಿಳಿವಳಿಕೆ ಇದ್ದೇ ಇರುತ್ತದೆಂದು ನಂಬುವುದು ಅದೇ ತಪ್ಪಿನ ಇನ್ನೊಂದು ಮಗ್ಗುಲು. ದನಿಯ ಏರಿಳಿತವನ್ನು ಅಂಕದಿಂದ ಹೊರಗಿಡಬೇಕೆಂಬುದಷ್ಟೇ ಇಲ್ಲಿನ ವಾದ.

ಬಿಕ್ಕಟ್ಟಿನಲ್ಲಿ ನಾಯಕರು ದೃಢವಾಗಿರಬೇಡವೇ ಎಂಬುದು ಕೊನೆಯದು. ತೀರ್ಮಾನ ಕೈಗೊಂಡ ಮೇಲೆ ದೃಢತೆ ಬೇಕು. ಮಂಗಳೂರಿನ ಆ ಬೆಳಿಗ್ಗೆ ಕೊರತೆಯಾದದ್ದು ದೃಢತೆಯಲ್ಲ. ಮೂರು ಬಾರಿ ಬಂದ ಎಚ್ಚರಿಕೆಯನ್ನು ಕೇಳಿ ತೀರ್ಮಾನ ಬದಲಿಸುವ ಶಕ್ತಿ.

ಅಭ್ಯರ್ಥಿಯ ಮೌಲ್ಯಮಾಪನದ ಹಾಳೆಗಳಲ್ಲಿ ‘ಆತ್ಮವಿಶ್ವಾಸ’ ಎಂಬ ಕಾಲಂ ಇರುವ ಪ್ರತಿ ಸಂಸ್ಥೆಯೂ ಅದನ್ನು ಹೊಡೆದುಹಾಕಿ, ಆ ಜಾಗದಲ್ಲಿ ಹುದ್ದೆಗೆ ಬೇಕಾದ ಒಂದು ನಿಜವಾದ ಕೆಲಸದ ಹೆಸರು ಬರೆಯಲಿ. ಕೆಲಸ ಬಲ್ಲವರನ್ನು ಆರಿಸಿ, ಕಲಿಯಲು ಬಿಟ್ಟು, ತಪ್ಪು ಹೇಳಿಕೊಂಡವರನ್ನು ದಂಡಿಸದೆ ನಡೆಸಿದರೆ ಆತ್ಮವಿಶ್ವಾಸ ತಾನಾಗಿ ಬೆಳೆಯುತ್ತದೆ. ಅದನ್ನು ಬಾಗಿಲಲ್ಲೇ ತೋರಿಸಬೇಕೆಂದು ಕೇಳುವ ಹಕ್ಕು ಯಾವ ಸಂಸ್ಥೆಗೂ ಇಲ್ಲ.